ಅಮೆರಿಕದ ನ್ಯಾಷನಲ್ ಫಾರೆಸ್ಟ್ ಯೋಜನೆಗೆ ಆಕ್ಷೇಪಣೆ ಸಲ್ಲಿಸುವುದು ಹೇಗೆ: ಕನ್ನಡಿಗ ಟ್ರೆಕ್ಕರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿರುವ ನಮ್ಮ ಟ್ರೆಕ್ಕಿಂಗ್ ಗುಂಪುಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತಿದೆ. ವಾರಾಂತ್ಯಕ್ಕೆ ಹೋಗುವ ನ್ಯಾಷನಲ್ ಫಾರೆಸ್ಟ್‌ನಲ್ಲಿ ಒಂದು ಯೋಜನೆ ಬರುತ್ತದೆ. ಒತ್ತಾಗಿ ಬೆಳೆದ ಮರಗಳನ್ನು ತೆಳುಗೊಳಿಸುವುದು, ಯೋಜಿತ ಬೆಂಕಿ ಹಾಕುವುದು, ಹಳೇ ಮೋರಿ ಬದಲಿಸುವುದು, ಜೊತೆಗೆ ಒಂದಿಷ್ಟು ಹೊಸ ಟ್ರೈಲ್. ಎಲ್ಲ ಮುಗಿಯುವ ಹೊತ್ತಿಗೆ ಯಾರೋ ಗ್ರೂಪ್‌ನಲ್ಲಿ ಲಿಂಕ್ ಹಾಕುತ್ತಾರೆ, ಜನ ರಾತ್ರಿ ಕೂತು ಉದ್ದುದ್ದ ಪತ್ರ ಬರೆದು ಕಳಿಸುತ್ತಾರೆ, ಕೆಲವು ವಾರದ ನಂತರ ಚಿಕ್ಕ ಉತ್ತರ ಬರುತ್ತದೆ: ನಿಮ್ಮ ಆಕ್ಷೇಪಣೆಯನ್ನು ಪರಿಶೀಲಿಸದೆ ಬದಿಗಿಡಲಾಗಿದೆ.

ಪತ್ರದಲ್ಲಿದ್ದ ವಿಷಯ ತಪ್ಪು ಅಂತಲ್ಲ. ಕ್ರಮ ತಪ್ಪಿತ್ತು.

ಊರಿನ ಅನುಭವವೇ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ ಅನ್ನಿಸುತ್ತದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈ 31ರಂದು ಬಂದಾಗ, 60 ದಿನದೊಳಗೆ ಯಾರು ಬೇಕಾದರೂ ದೆಹಲಿಗೆ ಆಕ್ಷೇಪಣೆ ಕಳಿಸಬಹುದಿತ್ತು. ಇದಕ್ಕೆ ಮುಂಚೆ ಬರೆದಿದ್ದೀರಾ ಅಂತ ಅಲ್ಲಿ ಕೇಳುವುದಿಲ್ಲ. ಅಮೆರಿಕದ ಫಾರೆಸ್ಟ್ ಸರ್ವಿಸ್‌ನಲ್ಲಿ ಮೊದಲು ಕೇಳುವುದೇ ಅದನ್ನು. 36 ಸಿಎಫ್‌ಆರ್ 218 (ಅಮೆರಿಕದ ಕೇಂದ್ರ ಸರ್ಕಾರದ ನಿಯಮಗಳ ಸಂಗ್ರಹದ ಒಂದು ಭಾಗ) ಎಂಬ ನಿಯಮದ ಪ್ರಕಾರ, ಹಿಂದಿನ ಕಾಮೆಂಟ್ ಅವಧಿಯಲ್ಲಿ ನಿರ್ದಿಷ್ಟವಾಗಿ, ಲಿಖಿತವಾಗಿ ಬರೆದವರಿಗೆ ಮಾತ್ರ ಆಕ್ಷೇಪಣೆ ಸಲ್ಲಿಸುವ ಹಕ್ಕು. ಅದೂ ಆಗ ಎತ್ತಿದ್ದ ವಿಷಯಗಳ ಮೇಲೆ ಮಾತ್ರ. ಮುಂದೆ ಓದುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಇನ್ನೊಂದು ಪ್ರಶ್ನೆ ತುಂಬಾ ಜನ ಕೇಳುತ್ತಾರೆ: ವೀಸಾದಲ್ಲಿರುವವರು ಬರೆಯಬಹುದಾ? ನಿಯಮ ಹೇಳುವುದು ವ್ಯಕ್ತಿಗಳು ಮತ್ತು ಸಂಸ್ಥೆಗಳು ಅಂತ ಅಷ್ಟೇ, ಪೌರತ್ವದ ಷರತ್ತು ಅದರಲ್ಲಿಲ್ಲ. ಆದರೆ ನಿಮ್ಮ ಹೆಸರು ಮತ್ತು ವಿಳಾಸ ಸಾರ್ವಜನಿಕ ದಾಖಲೆಗೆ ಸೇರುತ್ತವೆ. ಅದು ಗೊತ್ತಿದ್ದು ಮುಂದುವರಿಯಿರಿ.

ಮೊದಲೇ ಜೋಡಿಸಿಕೊಳ್ಳಬೇಕಾದವು

ಇವು ಇಲ್ಲದೆ ಶುರು ಮಾಡಬೇಡಿ, ಆಮೇಲೆ ಕೊನೆಯ ದಿನ ಹುಡುಕಾಟ ಆಗುತ್ತದೆ.

ಒಂದು, ಯೋಜನೆಯ ಅಧಿಕೃತ ವೆಬ್ ಪುಟದ ವಿಳಾಸ. ಪ್ರತಿ ನ್ಯಾಷನಲ್ ಫಾರೆಸ್ಟ್ ಮೂರು ತಿಂಗಳಿಗೊಮ್ಮೆ ತನ್ನ ಮುಂದಿನ ಯೋಜನೆಗಳ ಪಟ್ಟಿ ಹಾಕುತ್ತದೆ, ಅದಕ್ಕೆ ಸೋಪಾ ಅನ್ನುತ್ತಾರೆ. ಅಲ್ಲಿಂದ ಯೋಜನೆಯ ಪುಟಕ್ಕೆ ಹೋಗಬಹುದು. ಅದರಲ್ಲೇ ಇಮೇಲ್ ಪಟ್ಟಿಗೆ ಸೇರುವ ಕೊಂಡಿ ಇದ್ದರೆ ಮೊದಲು ಸೇರಿಕೊಳ್ಳಿ.

ಎರಡು, ಆ ಕಾಡಿನ ಫಾರೆಸ್ಟ್ ಪ್ಲಾನ್‌ನ ಪಿಡಿಎಫ್. ಇದು ಆ ಇಡೀ ಕಾಡಿಗೆ ಅನ್ವಯಿಸುವ ದೀರ್ಘಾವಧಿ ಯೋಜನೆ. ಯಾವ ಸಣ್ಣ ಯೋಜನೆಯೂ ಇದಕ್ಕೆ ವಿರುದ್ಧ ಹೋಗುವಂತಿಲ್ಲ. ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ಆಧಾರ ಇದೇ, ಆದರೂ ಇದನ್ನು ತೆರೆದು ನೋಡುವವರು ತೀರಾ ಕಡಿಮೆ.

ಮೂರು, ಜಾಗದ ಫೋಟೋ ಮತ್ತು ಜಿಪಿಎಸ್ ಗುರುತು. ಫೋಟೋ ತೆಗೆದ ದಿನಾಂಕ ಬೇಕು. ನೀವು ಆ ದಾರಿಯಲ್ಲಿ ನಡೆದವರು, ಕಚೇರಿಯಲ್ಲಿ ಕೂತು ನಕ್ಷೆ ನೋಡುವವರಿಗಿಂತ ಕೆಲವು ವಿಷಯ ನಿಮಗೆ ಜಾಸ್ತಿ ಗೊತ್ತಿರುತ್ತದೆ.

ನಾಲ್ಕು, ಒಂದು ಫೋಲ್ಡರ್. ಕಳಿಸಿದ ಪ್ರತಿ ಪತ್ರ, ಬಂದ ಪ್ರತಿ ಸ್ವೀಕೃತಿ ಅದರಲ್ಲಿ ಇರಲಿ.

ಹಂತ 1: ಇಲ್ಲಿ ಆಕ್ಷೇಪಣೆಗೆ ಅವಕಾಶ ಇದೆಯಾ ನೋಡಿ

ಮೊದಲು ಜಾಗ ಯಾರದು ನೋಡಿ. ಸಿಯಾಟಲ್ ಕಡೆಯವರು ಹೋಗುವ ಮೌಂಟ್ ಬೇಕರ್ ಸ್ನೋಕ್ವಾಲ್ಮಿ, ಪೋರ್ಟ್‌ಲ್ಯಾಂಡ್ ಹತ್ತಿರದ ಮೌಂಟ್ ಹುಡ್, ಲಾಸ್ ಏಂಜಲೀಸ್ ಪಕ್ಕದ ಏಂಜಲೀಸ್, ಉತ್ತರ ಕೆರೊಲಿನಾದ ಪಿಸ್ಗಾ, ಇವೆಲ್ಲ ನ್ಯಾಷನಲ್ ಫಾರೆಸ್ಟ್‌ಗಳು, ಕೃಷಿ ಇಲಾಖೆಯ ಕೆಳಗೆ ಬರುತ್ತವೆ. ಯೊಸೆಮಿಟಿ, ಮೌಂಟ್ ರೇನಿಯರ್ ನ್ಯಾಷನಲ್ ಪಾರ್ಕ್‌ಗಳು. ಅವು ಆಂತರಿಕ ಇಲಾಖೆಯವು, ಅಲ್ಲಿ ಈ ಪ್ರಕ್ರಿಯೆಯೇ ಇಲ್ಲ. ಪಾರ್ಕ್ ಗಡಿ ದಾಟಿದ ಕೂಡಲೇ ಫಾರೆಸ್ಟ್ ಶುರುವಾಗುವ ಕಡೆ ಜನ ಎಡವುತ್ತಾರೆ, ನಕ್ಷೆ ನೋಡಿಕೊಳ್ಳಿ.

ಆಮೇಲೆ ಯೋಜನೆಯ ಬಗೆ. ಇಎ ಅಂದರೆ ಮಧ್ಯಮ ಗಾತ್ರದ ಪರಿಸರ ವಿಮರ್ಶೆ, ಇಐಎಸ್ ಅಂದರೆ ದೊಡ್ಡದು. ಈ ಎರಡಕ್ಕೂ ಆಕ್ಷೇಪಣೆಗೆ ಅವಕಾಶ ಇದೆ. ವಿವರವಾದ ಪರಿಸರ ವಿಮರ್ಶೆಯಿಂದ ವಿನಾಯಿತಿ ಪಡೆದ ಕೆಟಗಾರಿಕಲ್ ಎಕ್ಸ್‌ಕ್ಲೂಷನ್, ಅಂದರೆ ಸಿಇ ಅಂತ ಇದ್ದರೆ ಆಕ್ಷೇಪಣೆಯ ಹಂತವೇ ಇಲ್ಲ. ಸಿಇ ಯೋಜನೆಯಲ್ಲಿ ಅವರು ಅಭಿಪ್ರಾಯ ಕೇಳಿದರೆ ನಿಮಗೆ ಸಿಗುವ ಅವಕಾಶ ಅದೊಂದೇ, ಅಲ್ಲೇ ಎಲ್ಲ ಹೇಳಿಬಿಡಿ.

ಎಚ್ಚರಿಕೆಯ ಗುರುತು: ಯೋಜನೆಯ ಪತ್ರದಲ್ಲಿ ತುರ್ತು ಪರಿಸ್ಥಿತಿ ಎಂಬ ಮಾತು. 2025ರ ಏಪ್ರಿಲ್ 3ರಂದು ಕೃಷಿ ಕಾರ್ಯದರ್ಶಿ ಹೊರಡಿಸಿದ ಆದೇಶ ಸುಮಾರು 11.26 ಕೋಟಿ ಎಕರೆ ನ್ಯಾಷನಲ್ ಫಾರೆಸ್ಟ್ ಭೂಮಿಯನ್ನು ತುರ್ತು ಪರಿಸ್ಥಿತಿಯ ವ್ಯಾಪ್ತಿಗೆ ತಂದಿತು. ಒಟ್ಟು ಭೂಮಿಯ ಸುಮಾರು 59 ಶೇಕಡಾ. ಆ ಜಾಗದಲ್ಲಿ, 2021ರ ಮೂಲಸೌಕರ್ಯ ಕಾಯ್ದೆಯ ಅಧಿಕಾರ ಬಳಸಿ ತುರ್ತು ಕ್ರಮ ಎಂದು ಕೈಗೊಂಡ ಯೋಜನೆಗೆ ಆಕ್ಷೇಪಣೆಯ ಹಂತ ಇರುವುದಿಲ್ಲ. ಹಾಗಂತ ಆ ನಕ್ಷೆಯೊಳಗಿನ ಪ್ರತಿ ಯೋಜನೆಯೂ ತುರ್ತು ಕ್ರಮ ಅಲ್ಲ. ಯೋಜನೆಯ ಪುಟದಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಪ್ರಾಜೆಕ್ಟ್ ಲೀಡರ್‌ಗೆ ಎರಡು ಸಾಲಿನ ಇಮೇಲ್ ಹಾಕಿ: ಇದು 218ರ ಆಕ್ಷೇಪಣೆ ಪ್ರಕ್ರಿಯೆಗೆ ಒಳಪಡುತ್ತದೆಯೇ, ಒಳಪಟ್ಟರೆ ಯಾವ ಉಪಭಾಗದಡಿ? ಎಷ್ಟು ದಿನದ ಗಡುವು ಎಂಬುದು ಉಪಭಾಗದ ಮೇಲೆ ನಿಂತಿದೆ, ಹಂತ 4 ನೋಡಿ. ಉತ್ತರವನ್ನು ಫೋಲ್ಡರ್‌ಗೆ ಹಾಕಿ.

ಹಂತ 2: ಕಾಮೆಂಟ್ ಅವಧಿಯಲ್ಲೇ ಬರೆಯಿರಿ

ಸೋಲು ಗೆಲುವು ಇಲ್ಲೇ ನಿರ್ಧಾರ ಆಗುತ್ತದೆ. ಹಾಗಾಗಿ ಈ ಹಂತಕ್ಕೆ ಜಾಸ್ತಿ ಸಮಯ ಇಡಿ.

ಯೋಜನೆಯ ಶುರುವಿನಲ್ಲಿ ಏನೇನು ಪರಿಶೀಲಿಸಬೇಕು ಎಂದು ಕೇಳುವ ಸ್ಕೋಪಿಂಗ್ ಎಂಬ ಸುತ್ತು ಇರಬಹುದು. ಆಮೇಲೆ ಇಎ ಆದರೆ ಸಾಮಾನ್ಯವಾಗಿ 30 ದಿನದ ಕಾಮೆಂಟ್ ಅವಧಿ, ಕರಡು ಇಐಎಸ್ ಆದರೆ 45 ದಿನ. ಅಧಿಕೃತವಾಗಿ ಲಿಖಿತ ಅಭಿಪ್ರಾಯ ಕೇಳಿದ ಯಾವ ಸುತ್ತಿನಲ್ಲಿ ಬರೆದರೂ ಮುಂದೆ ಆಕ್ಷೇಪಣೆಗೆ ಅರ್ಹತೆ ಬರುತ್ತದೆ, ಸ್ಕೋಪಿಂಗ್ ಕೂಡ ಲೆಕ್ಕಕ್ಕೆ ಬರುತ್ತದೆ. ಆದರೆ ಮುಂದಿನ ಸುತ್ತಿನಲ್ಲಿ ಬರೆದರಾಯಿತು ಅಂತ ಕಾಯಬೇಡಿ. 2025ರ ಜುಲೈನಲ್ಲಿ ಕೃಷಿ ಇಲಾಖೆ ತನ್ನ ಪರಿಸರ ವಿಮರ್ಶೆಯ ನಿಯಮಗಳನ್ನು ಬದಲಿಸಿ ಪ್ರಕ್ರಿಯೆಯನ್ನು ಚಿಕ್ಕದು ಮಾಡಿದೆ. ಮೊದಲ ಕರೆಗೇ ಬರೆಯಿರಿ, ಆಮೇಲೆ ಇನ್ನೊಂದು ಸುತ್ತು ಬಂದರೆ ಅಲ್ಲೂ ಬರೆಯಿರಿ.

ಬರೆದರೆ ಸಾಲದು, ಅದು ನಿರ್ದಿಷ್ಟವಾಗಿರಬೇಕು. ನಿಯಮ ಮೂರು ವಿಷಯ ಕೇಳುತ್ತದೆ: ಯೋಜನೆಯ ವ್ಯಾಪ್ತಿಯೊಳಗಿರಬೇಕು, ಯೋಜನೆಗೆ ನೇರ ಸಂಬಂಧ ಇರಬೇಕು, ಕಾರಣ ಕೊಟ್ಟಿರಬೇಕು. ಕಾಡು ನಮ್ಮ ಉಸಿರು, ಮರ ಕಡಿಯಬೇಡಿ ಎಂದು ಬರೆದರೆ ಭಾವನೆ ನಿಜ ಇರಬಹುದು, ಆದರೆ ಅದರ ಮೇಲೆ ಮುಂದೆ ಆಕ್ಷೇಪಣೆ ಕಟ್ಟಲು ಆಗುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಪತ್ರ ಇಂಗ್ಲಿಷ್‌ನಲ್ಲೇ ಬರೆಯಬೇಕಾಗುತ್ತದೆ, ಅರ್ಥ ತಿಳಿಯಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ:

"ಪ್ರಸ್ತಾಪಿತ ಟ್ರೈಲ್ 4 ಹಳ್ಳವನ್ನು ಎರಡು ಕಡೆ ದಾಟುತ್ತದೆ. ಕೆಳಗಿನ ದಾಟುವಿಕೆಯಲ್ಲಿ ದಂಡೆ ಕಡಿದಾಗಿದೆ, ಮಣ್ಣು ಸಡಿಲವಾಗಿದೆ, ಹಿಮ ಕರಗುವಾಗ ಕುಸಿಯುತ್ತದೆ. ದಿನಾಂಕ ಸಹಿತ ಫೋಟೋ ಲಗತ್ತಿಸಿದ್ದೇನೆ. ಇದೇ ಇಳಿಜಾರಿನಲ್ಲಿ ಮರ ತೆಳುಗೊಳಿಸಲು ಗುರುತಿಸಿದ ಜಾಗ, ಘಟಕ 12 ಕೂಡ ಇದೆ. ಎರಡೂ ಒಂದೇ ಕಡೆ ನಡೆದರೆ ಹಳ್ಳಕ್ಕೆ ಸೇರುವ ಹೂಳು ಎಷ್ಟು ಎಂದು ಒಟ್ಟಾಗಿ ವಿಶ್ಲೇಷಿಸಬೇಕು. ಟ್ರೈಲನ್ನು ಮೇಲಿನ ದಿಣ್ಣೆಯ ಕಡೆ ಸರಿಸಿ ಒಂದೇ ಕಡೆ ದಾಟುವ ಪರ್ಯಾಯವನ್ನು ಪರಿಗಣಿಸಬೇಕು."

ಇದರಲ್ಲಿ ಜಾಗ ಇದೆ, ಕಾರಣ ಇದೆ, ಸಾಕ್ಷಿ ಇದೆ, ಬೇಡಿಕೆ ಇದೆ. ಮುಂದೆ ಇದರ ಒಂದೊಂದು ವಾಕ್ಯದ ಮೇಲೂ ಆಕ್ಷೇಪಣೆ ನಿಲ್ಲಬಲ್ಲದು. ನಿಮಗೆ ಮುಂದೆ ತಕರಾರು ಬರಬಹುದು ಅನ್ನಿಸುವ ಪ್ರತಿ ವಿಷಯವನ್ನೂ ಈಗಲೇ ಒಂದೊಂದು ಪ್ಯಾರಾ ಆದರೂ ಬರೆದಿಡಿ. ತಾತ್ಕಾಲಿಕ ರಸ್ತೆ ಹಾಕಿದರೆ ಕೆಲಸ ಮುಗಿದ ಮೇಲೆ ಮುಚ್ಚುವವರು ಯಾರು, ಯೋಜಿತ ಬೆಂಕಿಯ ಹೊಗೆ ಪಕ್ಕದ ಊರಿಗೆ ಹೋದರೆ ಏನು, ಎಲ್ಕ್ ಮರಿ ಹಾಕುವ ತಿಂಗಳುಗಳಲ್ಲಿ ಟ್ರೈಲ್ ಮುಚ್ಚುತ್ತಾರಾ, ಬೈಕು ಮತ್ತು ನಡಿಗೆ ಒಂದೇ ದಾರಿಯಲ್ಲಾ, ನಿರ್ವಹಣೆಗೆ ದುಡ್ಡು ಎಲ್ಲಿಂದ. ಈಗ ಬರೆಯದ್ದನ್ನು ಆಮೇಲೆ ಎತ್ತಬೇಕೆಂದರೆ ಒಂದೇ ದಾರಿ: ಕಾಮೆಂಟ್ ಅವಕಾಶ ಮುಗಿದ ಮೇಲೆ ಹೊಸದಾಗಿ ಬಂದ ಮಾಹಿತಿ ಅದು ಎಂದು ತೋರಿಸಬೇಕು. ಅದು ಕಷ್ಟ.

ಯೋಜನೆಯನ್ನು ನೀವು ಬಹುಪಾಲು ಒಪ್ಪುತ್ತಿದ್ದರೂ ಬರೆಯಿರಿ. ನನ್ನ ಅಭಿಪ್ರಾಯದಲ್ಲಿ ಇಂಥ ಎಷ್ಟೋ ಯೋಜನೆಗಳು ಬೇಕಾದವೇ, ದಶಕಗಳ ಕಾಲ ಬೆಂಕಿ ಆರಿಸುತ್ತಲೇ ಬಂದ ಒಣ ಪೈನ್ ಕಾಡುಗಳಲ್ಲಿ ಮರ ತೆಳುಗೊಳಿಸದೆ ಬಿಟ್ಟರೆ ಒಂದು ದಿನ ಎಲ್ಲ ಸೇರಿ ಉರಿಯುತ್ತದೆ. ಒಪ್ಪಿಗೆಯನ್ನೂ ಬರೆದು, ಜೊತೆಗೆ ಈ ಒಂದು ಟ್ರೈಲ್ ಮಾತ್ರ ಬದಲಿಸಿ ಅಂತ ಕೇಳಿದ ಪತ್ರಕ್ಕೆ ಬೆಲೆ ಜಾಸ್ತಿ.

ಈ ಹಂತದ ಸಾಮಾನ್ಯ ತಪ್ಪುಗಳು

ಓಪನ್ ಹೌಸ್‌ಗೆ ಹೋಗಿ ರೇಂಜರ್ ಹತ್ತಿರ ಅರ್ಧ ಗಂಟೆ ಮಾತಾಡಿ ಬಂದೆವು, ಅವರು ತಲೆಯಾಡಿಸಿದರು, ಹಾಗಾಗಿ ಆಯಿತು ಅಂದುಕೊಳ್ಳುವುದು. ಬಾಯಿ ಮಾತು ಲೆಕ್ಕಕ್ಕಿಲ್ಲ. ಮನೆಗೆ ಬಂದು ಅದನ್ನೇ ಬರೆದು ಅವಧಿಯೊಳಗೆ ಕಳಿಸಿ.

ಹೆಸರಿಲ್ಲದೆ ಬರೆಯುವುದು. ಅನಾಮಧೇಯ ಕಾಮೆಂಟ್ ತೆಗೆದುಕೊಳ್ಳುತ್ತಾರೆ, ಆದರೆ ಅದರಿಂದ ನಿಮಗೆ ಆಕ್ಷೇಪಣೆಯ ಹಕ್ಕು ಬರುವುದಿಲ್ಲ.

ಸಂಘದ ಹೆಸರನ್ನು ನಂಬಿಕೊಳ್ಳುವುದು. ನಿಮ್ಮ ಕನ್ನಡ ಸಂಘವೋ ಟ್ರೈಲ್ ಕ್ಲಬ್ಬೋ ಕಾಮೆಂಟ್ ಕಳಿಸಿದರೆ ಅರ್ಹತೆ ಬರುವುದು ಆ ಸಂಸ್ಥೆಗೆ ಮಾತ್ರ. ಸದಸ್ಯ ಎಂಬ ಒಂದೇ ಕಾರಣಕ್ಕೆ ನೀವು ಅರ್ಹರಾಗುವುದಿಲ್ಲ. ಅದಕ್ಕೇ ಸಂಘದ ಪತ್ರವೂ ಹೋಗಲಿ, ಆಸಕ್ತಿ ಇರುವ ಇಬ್ಬರು ಮೂವರು ತಮ್ಮ ಹೆಸರಲ್ಲಿ ಬೇರೆ ಪತ್ರವನ್ನೂ ಕಳಿಸಲಿ.

ಎಐಯಿಂದ ಬರೆಸಿ ಓದದೆ ಕಳಿಸುವುದು. ಯೋಜನೆಯಲ್ಲಿ ಇಲ್ಲದ ಟ್ರೈಲ್ ಸಂಖ್ಯೆ, ಇಲ್ಲದ ಪುಟ ಸಂಖ್ಯೆ ಪತ್ರದಲ್ಲಿ ಬಂದರೆ ಉಳಿದ ನಿಜವಾದ ವಿಷಯವನ್ನೂ ಯಾರೂ ನಂಬುವುದಿಲ್ಲ.

ಕಳಿಸಿದ ಮೇಲೆ ಯೋಜನೆಯ ಪುಟದ ಸಾರ್ವಜನಿಕ ಓದುವ ವಿಭಾಗದಲ್ಲಿ ನಿಮ್ಮ ಪತ್ರ ಕಾಣುತ್ತಿದೆಯಾ ನೋಡಿ. ಕಂಡರೆ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಾಣದಿದ್ದರೆ ಅವಧಿ ಮುಗಿಯುವ ಮುಂಚೆಯೇ ಕೇಳಿ.

ಹಂತ 3: ಅಂತಿಮ ದಾಖಲೆಗಳನ್ನು ಈ ಕ್ರಮದಲ್ಲಿ ಓದಿ

ತಿಂಗಳುಗಳೋ ವರ್ಷವೋ ಕಳೆದ ಮೇಲೆ ಅಂತಿಮ ಇಎ ಅಥವಾ ಇಐಎಸ್ ಬರುತ್ತದೆ, ಜೊತೆಗೆ ಕರಡು ನಿರ್ಧಾರ. ಈ ಕರಡಿಗೆ ಇನ್ನೂ ಸಹಿ ಬಿದ್ದಿರುವುದಿಲ್ಲ. ಆಕ್ಷೇಪಣೆ ಸಹಿಗೆ ಮುಂಚೆ ನಡೆಯುವ ಕೆಲಸ, ಹಾಗಾಗಿ ಬದಲಾವಣೆಗೆ ಜಾಗ ಇನ್ನೂ ಇದೆ.

ಮೊದಲ ಪುಟದಿಂದ ಓದಲು ಹೋಗಿ ಸುಸ್ತಾಗಬೇಡಿ. ಮೊದಲು ಕರಡು ನಿರ್ಧಾರ ಓದಿ, ಯಾವ ಪರ್ಯಾಯ ಆರಿಸಿದ್ದಾರೆ ತಿಳಿಯುತ್ತದೆ. ಆಮೇಲೆ ಕಾಮೆಂಟ್‌ಗಳಿಗೆ ಕೊಟ್ಟ ಉತ್ತರದ ಅನುಬಂಧಕ್ಕೆ ಹೋಗಿ, ನಿಮ್ಮ ಮಾತಿಗೆ ಏನು ಹೇಳಿದ್ದಾರೆ ನೋಡಿ. ನಂತರ ನಕ್ಷೆ. ಕಾಮೆಂಟ್ ಅವಧಿಯ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ, ಟ್ರೈಲ್ ಎಲ್ಲಿ ಸರಿದಿದೆ, ಯಾವ ಘಟಕ ಹೊಸದಾಗಿ ಬಂದಿದೆ ಗುರುತಿಸಿ. ಹೊಸದಾಗಿ ಸೇರಿದ್ದು ಕಂಡರೆ ಅದನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ, ಹೊಸ ಮಾಹಿತಿ ಎಂಬ ವಿನಾಯಿತಿ ಅನ್ವಯಿಸುವುದು ಇಂಥ ಕಡೆಯೇ. ಕೊನೆಗೆ ಫಾರೆಸ್ಟ್ ಪ್ಲಾನ್‌ನಲ್ಲಿ ನಿಮ್ಮ ವಿಷಯಕ್ಕೆ ಸಂಬಂಧಿಸಿದ ಮಾನದಂಡ ಹುಡುಕಿ, ಅದಕ್ಕೂ ಯೋಜನೆಗೂ ಹೊಂದುತ್ತದಾ ನೋಡಿ.

ಎರಡು ಅಂಕಣದ ಪಟ್ಟಿ ಮಾಡಿ. ಎಡಕ್ಕೆ ನಿಮ್ಮ ಹಳೇ ಕಾಮೆಂಟ್‌ನ ಪುಟ ಮತ್ತು ಪ್ಯಾರಾ, ಬಲಕ್ಕೆ ಅಂತಿಮ ದಾಖಲೆಯಲ್ಲಿ ಅದಕ್ಕೆ ಸಿಕ್ಕ ಉತ್ತರದ ಪುಟ. ಬಲಗಡೆ ಖಾಲಿ ಇರುವ ಅಥವಾ ತೇಲಿಸಿ ಬಿಟ್ಟ ಸಾಲುಗಳೇ ನಿಮ್ಮ ಆಕ್ಷೇಪಣೆಯ ವಿಷಯಗಳು.

ಹಂತ 4: ದಿನ ಎಣಿಸಿ

ಇಲ್ಲಿ ಒಳ್ಳೊಳ್ಳೆ ಪತ್ರಗಳು ಹಾಳಾಗಿವೆ.

ಗಡುವು ಶುರುವಾಗುವುದು ನಿಮಗೆ ಇಮೇಲ್ ಬಂದ ದಿನದಿಂದ ಅಲ್ಲ, ವೆಬ್ ಪುಟದಲ್ಲಿ ದಾಖಲೆ ಹಾಕಿದ ದಿನದಿಂದಲೂ ಅಲ್ಲ. ಆ ಕಾಡಿಗೆ ನಿಗದಿಯಾದ ಪತ್ರಿಕೆಯಲ್ಲಿ ಲೀಗಲ್ ನೋಟಿಸ್ ಪ್ರಕಟವಾದ ದಿನವೊಂದೇ ಲೆಕ್ಕಕ್ಕೆ. ಅದು ಯಾವುದೋ ಚಿಕ್ಕ ಊರಿನ ಪತ್ರಿಕೆ ಇರಬಹುದು. ಯಾವ ಕಾಡಿಗೆ ಯಾವ ಪತ್ರಿಕೆ ಎಂಬ ಪಟ್ಟಿ ಅಮೆರಿಕ ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಸಿಗುತ್ತದೆ. ಬೇಡ ಅಂದರೆ ಕಚೇರಿಗೆ ಫೋನ್ ಮಾಡಿ ಪ್ರಕಟಣೆಯ ದಿನಾಂಕ ಕೇಳಿ, ನೋಟಿಸ್‌ನ ಪ್ರತಿಯನ್ನೂ ತರಿಸಿಕೊಳ್ಳಿ.

ಸಾಮಾನ್ಯ ಯೋಜನೆಗೆ 45 ದಿನ. 2003ರ ಹೆಲ್ದಿ ಫಾರೆಸ್ಟ್ಸ್ ರಿಸ್ಟೋರೇಷನ್ ಕಾಯ್ದೆಯಡಿ ಬಂದ ಯೋಜನೆಗೆ 30 ದಿನ ಮಾತ್ರ. ಕಾಡು ಪುನಶ್ಚೇತನ, ಬೆಂಕಿಯ ಇಂಧನ ಕಡಿಮೆ ಮಾಡುವುದು ಎಂದೆಲ್ಲ ಬರೆದಿದ್ದರೆ ಈ ಎರಡನೆಯದ್ದು ಇರಬಹುದು, ನೋಟಿಸ್‌ನಲ್ಲಿ ನೋಡಿಯೇ ಎಣಿಸಿ.

ಪ್ರಕಟಣೆಯ ಮಾರನೇ ದಿನ ಮೊದಲ ದಿನ. ಶನಿವಾರ, ಭಾನುವಾರ, ರಜೆ ಎಲ್ಲ ಸೇರಿಸಿ ಎಣಿಸಬೇಕು. ಕೊನೆಯ ದಿನವೇ ಶನಿವಾರವೋ ಭಾನುವಾರವೋ ಫೆಡರಲ್ ರಜೆಯೋ ಆದರೆ ಮಾತ್ರ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಉದಾಹರಣೆಗೆ ನೋಟಿಸ್ 2025ರ ಮೇ 20, ಮಂಗಳವಾರ ಪ್ರಕಟವಾಗಿತ್ತು ಅಂದುಕೊಳ್ಳಿ. 45ನೇ ದಿನ ಜುಲೈ 4, ಶುಕ್ರವಾರ, ಸ್ವಾತಂತ್ರ್ಯ ದಿನದ ರಜೆ. ಆಮೇಲೆ ಶನಿವಾರ, ಭಾನುವಾರ. ಹಾಗಾಗಿ ಕೊನೆ ದಿನ ಜುಲೈ 7, ಸೋಮವಾರ. ಇಮೇಲ್ ಅಥವಾ ವೆಬ್ ಮೂಲಕ ಕಳಿಸಿದರೆ ರಾತ್ರಿ 11:59ರ ತನಕ ಸಮಯ, ಆದರೆ ಅದು ಸ್ವೀಕರಿಸುವ ಕಚೇರಿಯ ಟೈಮ್ ಝೋನ್ ಪ್ರಕಾರ. ಕ್ಯಾಲಿಫೋರ್ನಿಯಾದಲ್ಲಿ ಕೂತು ಕೊಲೊರಾಡೊದ ಕಾಡಿಗೆ ಕಳಿಸುವವರಿಗೆ ಒಂದು ಗಂಟೆ ಕಡಿಮೆ.

ಗಡುವು ವಿಸ್ತರಣೆ ಇಲ್ಲ. ಪುಟಗಳು ಸಾವಿರ ಇವೆ, ಮನೆಯಲ್ಲಿ ಹುಷಾರಿರಲಿಲ್ಲ, ಇಂಡಿಯಾಕ್ಕೆ ಹೋಗಿದ್ದೆ, ಯಾವ ಕಾರಣವೂ ನಡೆಯುವುದಿಲ್ಲ. ನಿಯಮವೇ ಹಾಗಿದೆ, ಅಧಿಕಾರಿ ಮನಸ್ಸು ಮಾಡಿದರೂ ಆಗುವುದಿಲ್ಲ.

ಹಂತ 5: ಪತ್ರ ಕಟ್ಟಿ

ಪತ್ರದ ತಲೆಭಾಗದಲ್ಲಿ ಇವಿಷ್ಟು ಇರಲೇಬೇಕು: ನಿಮ್ಮ ಹೆಸರು, ಅಂಚೆ ವಿಳಾಸ, ಇದ್ದರೆ ಫೋನ್ ನಂಬರ್. ಸಹಿ, ಇಮೇಲ್ ಆದರೆ ಸ್ಕ್ಯಾನ್ ಮಾಡಿದ ಸಹಿ ಹಾಕಿಬಿಡಿ. ಯೋಜನೆಯ ಹೆಸರು. ನಿರ್ಧಾರ ತೆಗೆದುಕೊಳ್ಳುವ ಅಧಿಕಾರಿಯ ಹೆಸರು ಮತ್ತು ಹುದ್ದೆ. ನ್ಯಾಷನಲ್ ಫಾರೆಸ್ಟ್ ಮತ್ತು ರೇಂಜರ್ ಡಿಸ್ಟ್ರಿಕ್ಟ್‌ನ ಹೆಸರು. ಕೆಲವರು ಒಟ್ಟಾಗಿ ಸಲ್ಲಿಸುತ್ತಿದ್ದರೆ ಮುಖ್ಯ ಆಕ್ಷೇಪಕರು ಯಾರು ಎಂದು ಬರೆಯಿರಿ. ಹೆಸರು ಹಾಕಿದ ಪ್ರತಿಯೊಬ್ಬರೂ ಹಿಂದೆ ಕಾಮೆಂಟ್ ಕಳಿಸಿದವರೇ ಆಗಿರಬೇಕು, ಸುಮ್ನೆ ಸಂಖ್ಯೆ ಹೆಚ್ಚಲಿ ಅಂತ ಹೆಸರು ಸೇರಿಸಬೇಡಿ.

ಆಮೇಲೆ ಒಂದೊಂದು ವಿಷಯಕ್ಕೂ ಬೇರೆ ಬೇರೆ ಉಪಶೀರ್ಷಿಕೆ. ಪ್ರತಿ ವಿಷಯದ ಕೆಳಗೆ ನಾಲ್ಕು ಪ್ಯಾರಾ, ಇದೇ ಕ್ರಮದಲ್ಲಿ.

ಸಮಸ್ಯೆ ಏನು. ಅಂತಿಮ ದಾಖಲೆಯ ಪುಟ ಸಂಖ್ಯೆ ಸಹಿತ ಹೇಳಿ.

ಹಿಂದಿನ ಕಾಮೆಂಟ್‌ಗೆ ಕೊಂಡಿ. ಇದನ್ನು ಬಿಟ್ಟು ಪತ್ರ ಸೋತವರು ತುಂಬಾ ಜನ. "ಈ ವಿಷಯವನ್ನು ಇಂಥ ದಿನಾಂಕದ ನನ್ನ ಕಾಮೆಂಟ್ ಪತ್ರದ ಪುಟ 2, ಮೂರನೇ ಪ್ಯಾರಾದಲ್ಲಿ ಎತ್ತಿದ್ದೆ" ಎಂಬ ಒಂದು ವಾಕ್ಯ ಪ್ರತಿ ವಿಷಯದ ಕೆಳಗೂ ಬೇಕು. ಹಳೇ ಪತ್ರ ಅವರ ಹತ್ತಿರವೇ ಇದೆಯಲ್ಲ ಅನ್ನಬೇಡಿ, ಕೊಂಡಿ ತೋರಿಸುವ ಹೊಣೆ ನಿಮ್ಮದು. ಹೊಸ ಮಾಹಿತಿ ಆಗಿದ್ದರೆ ಅದು ಯಾವಾಗ ಬಂತು, ಆಗ ಯಾಕೆ ಹೇಳಲು ಆಗುತ್ತಿರಲಿಲ್ಲ ಎಂದು ಬರೆಯಿರಿ.

ಯಾವ ಕಾನೂನು, ನಿಯಮ ಅಥವಾ ನೀತಿಗೆ ವಿರುದ್ಧ. ವಕೀಲರ ಭಾಷೆ ಬೇಕಿಲ್ಲ. ಫಾರೆಸ್ಟ್ ಪ್ಲಾನ್‌ನ ಇಂಥ ಮಾನದಂಡ ಹಳ್ಳದ ದಂಡೆಯಿಂದ ಇಷ್ಟು ದೂರ ಬಿಡಬೇಕು ಎನ್ನುತ್ತದೆ, ಕರಡು ನಿರ್ಧಾರದ ನಕ್ಷೆಯಲ್ಲಿ ಟ್ರೈಲ್ ಅದರೊಳಗೇ ಇದೆ, ಇಷ್ಟು ಸಾಕು. ಮೂರು ಕಾನೂನುಗಳ ಹೆಸರನ್ನು ಸುಮ್ಮನೆ ಉದುರಿಸುವುದಕ್ಕಿಂತ ಒಂದು ಮಾನದಂಡವನ್ನು ಸರಿಯಾಗಿ ತೋರಿಸುವುದು ಮೇಲು.

ಪರಿಹಾರ. ಯೋಜನೆ ರದ್ದು ಮಾಡಿ ಎಂಬುದು ಕೇಳಬಹುದಾದ ಪರಿಹಾರವೇ, ಆದರೆ ಅದೊಂದನ್ನೇ ಕೇಳಿದರೆ ಮಾತುಕತೆಗೆ ಜಾಗ ಇರುವುದಿಲ್ಲ. "ಟ್ರೈಲ್ 4ನ್ನು ಮೇಲಿನ ದಿಣ್ಣೆಗೆ ಸರಿಸಿ. ಅದು ಆಗದಿದ್ದರೆ ಕೆಳಗಿನ ದಾಟುವಿಕೆಯಲ್ಲಿ ಕಾಲುಸೇತುವೆ ಕಟ್ಟಿದ ಮೇಲೆಯೇ ಟ್ರೈಲ್ ತೆರೆಯುವ ಷರತ್ತು ಹಾಕಿ. ಘಟಕ 12ರ ಕೆಲಸ ಮುಗಿದು ಇಳಿಜಾರಿನಲ್ಲಿ ಹಸಿರು ಬರುವ ತನಕ ಟ್ರೈಲ್ ಕೆಲಸ ಶುರು ಮಾಡಬೇಡಿ." ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೊಡಿ. ಅಧಿಕಾರಿ ಹೌದು ಅನ್ನಬಹುದಾದ ವಾಕ್ಯವನ್ನು ನೀವೇ ಬರೆದುಕೊಟ್ಟಂತೆ ಆಗುತ್ತದೆ.

ಲಗತ್ತಿನ ವಿಷಯ. ಅಧ್ಯಯನ ವರದಿಯ ವೆಬ್ ಲಿಂಕ್ ಕೊಟ್ಟು, ಇದನ್ನು ಈ ಪತ್ರದ ಭಾಗ ಎಂದು ತಿಳಿಯಿರಿ ಎಂದು ಬರೆದರೆ ನಡೆಯುವುದಿಲ್ಲ. ನಾಲ್ಕು ಬಗೆಯವಕ್ಕೆ ಮಾತ್ರ ಹೆಸರು ಹೇಳಿದರೆ ಸಾಕು: ಫೆಡರಲ್ ಕಾನೂನು ಮತ್ತು ನಿಯಮ, ಫಾರೆಸ್ಟ್ ಸರ್ವಿಸ್‌ನ ಸ್ವಂತ ನಿರ್ದೇಶನ ಮತ್ತು ಫಾರೆಸ್ಟ್ ಪ್ಲಾನ್, ಇಎ ಅಥವಾ ಇಐಎಸ್‌ನಲ್ಲಿ ಅವರೇ ಉಲ್ಲೇಖಿಸಿದ ದಾಖಲೆ, ಮತ್ತು ನೀವು ಹಿಂದೆ ಕೊಟ್ಟ ಕಾಮೆಂಟ್. ಬೇರೆ ಎಲ್ಲವನ್ನೂ ಪಿಡಿಎಫ್ ಮಾಡಿ ಜೊತೆಗೆ ಕಳಿಸಬೇಕು.

ಪತ್ರದ ಉದ್ದದ ಬಗ್ಗೆ ಕೇಳಿದರೆ, ಎರಡು ಮೂರು ವಿಷಯ ಗಟ್ಟಿಯಾಗಿ ಹೇಳಿ ಅನ್ನುತ್ತೇನೆ. ಹದಿನೈದು ವಿಷಯ ಎತ್ತಿದರೆ ಮೀಟಿಂಗ್‌ನಲ್ಲಿ ಯಾವುದೂ ಚರ್ಚೆಗೆ ಬರುವುದಿಲ್ಲ.

ಹಂತ 6: ಸರಿಯಾದವರಿಗೆ ಕಳಿಸಿ

ಆಕ್ಷೇಪಣೆ ಹೋಗಬೇಕಾದ್ದು ರಿವ್ಯೂಯಿಂಗ್ ಆಫೀಸರ್‌ಗೆ, ಅಂದರೆ ನಿರ್ಧಾರ ತೆಗೆದುಕೊಳ್ಳುವ ಅಧಿಕಾರಿಗಿಂತ ಮೇಲಿನವರಿಗೆ. ಡಿಸ್ಟ್ರಿಕ್ಟ್ ರೇಂಜರ್ ನಿರ್ಧಾರ ಮಾಡುತ್ತಿದ್ದರೆ ಸಾಮಾನ್ಯವಾಗಿ ಫಾರೆಸ್ಟ್ ಸೂಪರ್‌ವೈಸರ್. ನಿಮಗೆ ಪರಿಚಯ ಇರುವ ರೇಂಜರ್‌ಗೆ ಇಮೇಲ್ ಹಾಕಿ ಕೂರಬೇಡಿ. ನೋಟಿಸ್‌ನಲ್ಲಿ ಇರುವ ವಿಳಾಸ, ಪೋರ್ಟಲ್, ಫೈಲ್ ಬಗೆ ಅಷ್ಟನ್ನೇ ಬಳಸಿ.

ಗಡುವಿಗೆ ಎರಡು ಮೂರು ದಿನ ಮುಂಚೆ ಕಳಿಸಿ. ಸ್ವಯಂಚಾಲಿತ ಸ್ವೀಕೃತಿ ಬರಬೇಕು. ಬರದಿದ್ದರೆ ಪತ್ರ ತಲುಪಿತೆಂದು ಖಚಿತ ಮಾಡಿಕೊಳ್ಳುವ ಜವಾಬ್ದಾರಿ ಕಳಿಸಿದವರದ್ದೇ. ದೊಡ್ಡ ಲಗತ್ತು ಇದ್ದರೆ ಇಮೇಲ್ ತಿರುಗಿ ಬರಬಹುದು, ಅದಕ್ಕೇ ಈ ಎರಡು ದಿನದ ಅಂತರ. ಅಂಚೆಯಲ್ಲಿ ಕಳಿಸಿದರೆ ಪೋಸ್ಟ್‌ಮಾರ್ಕ್ ದಿನಾಂಕ ಸಾಕ್ಷಿ, ರಸೀದಿ ಇಟ್ಟುಕೊಳ್ಳಿ.

ಹಂತ 7: ಮೀಟಿಂಗ್ ಕೇಳಿ

ಪತ್ರದಲ್ಲೇ ಒಂದು ಸಾಲು ಸೇರಿಸಿ: ಪರಿಹಾರದ ಸಭೆಗೆ ವಿನಂತಿಸುತ್ತೇನೆ. ಉತ್ತರ ಕೊಡುವ ಮುಂಚೆ ನೀವಾಗಲಿ ರಿವ್ಯೂಯಿಂಗ್ ಆಫೀಸರ್ ಆಗಲಿ ಇಂಥ ಸಭೆ ಕೇಳಬಹುದು. ಇದು ಸಾರ್ವಜನಿಕರಿಗೆ ತೆರೆದ ಸಭೆ. ನಿಜವಾದ ಬದಲಾವಣೆಗೆ ಒಳ್ಳೆಯ ಅವಕಾಶ ಇಲ್ಲಿದೆ, ಪತ್ರ ಕಳಿಸಿ ಸುಮ್ಮನಾಗುವವರು ಇದನ್ನು ಕಳೆದುಕೊಳ್ಳುತ್ತಾರೆ.

ಸಭೆಗೆ ಹೋಗುವಾಗ ಸಮಸ್ಯೆಯ ಪಟ್ಟಿ ಬೇಡ, ಪರಿಹಾರದ ಪಟ್ಟಿ ತೆಗೆದುಕೊಂಡು ಹೋಗಿ. ಇದು ಆಗಲೇಬೇಕು, ಇದು ಆದರೆ ಒಳ್ಳೆಯದು, ಇದನ್ನು ಬಿಟ್ಟುಕೊಡಬಹುದು ಅಂತ ಮೊದಲೇ ಗುಂಪಿನಲ್ಲಿ ಮಾತಾಡಿಕೊಳ್ಳಿ. ಒಂದೇ ಪುಟದ ನಕ್ಷೆಯಲ್ಲಿ ನಿಮ್ಮ ಪರ್ಯಾಯ ದಾರಿ ಬಣ್ಣದಲ್ಲಿ ಎಳೆದಿರಲಿ. ಬೈಕ್ ಕ್ಲಬ್‌ನವರೂ ಆಕ್ಷೇಪಣೆ ಹಾಕಿ ಅದೇ ಸಭೆಗೆ ಬಂದಿರಬಹುದು, ಸಾಧ್ಯವಾದರೆ ಮುಂಚೆಯೇ ಅವರೊಂದಿಗೆ ಮಾತಾಡಿ. ಎರಡು ಕಡೆಯವರು ಒಂದೇ ಪರಿಹಾರ ತಂದರೆ ಅಧಿಕಾರಿಗೆ ಒಪ್ಪುವುದು ಸುಲಭ.

ಎಚ್ಚರಿಕೆಯ ಗುರುತು: "ನೋಡಿಕೊಳ್ಳುತ್ತೇವೆ, ನೀವು ಆಕ್ಷೇಪಣೆ ವಾಪಸ್ ತಗೊಳ್ಳಿ" ಎಂಬ ಮಾತು. ಒಪ್ಪಿದ ಬದಲಾವಣೆ ಯಾವ ದಾಖಲೆಯಲ್ಲಿ, ಯಾವ ವಾಕ್ಯದಲ್ಲಿ ಬರುತ್ತದೆ ಎಂದು ಲಿಖಿತವಾಗಿ ಸಿಗುವ ತನಕ ವಾಪಸ್ ಪಡೆಯಬೇಡಿ. ಸಭೆ ಮುಗಿದ ದಿನವೇ ಯಾವುದಕ್ಕೆ ಒಪ್ಪಿಗೆಯಾಯಿತು ಎಂದು ಇಮೇಲ್‌ನಲ್ಲಿ ಬರೆದು ಎಲ್ಲರಿಗೂ ಕಳಿಸಿ.

ಹಂತ 8: ಉತ್ತರ ಬಂದ ಮೇಲೆ

ಸಾಮಾನ್ಯ ಯೋಜನೆಯಲ್ಲಿ ಆಕ್ಷೇಪಣೆ ಅವಧಿ ಮುಗಿದ 45 ದಿನದೊಳಗೆ ಲಿಖಿತ ಉತ್ತರ ಬರಬೇಕು. ರಿವ್ಯೂಯಿಂಗ್ ಆಫೀಸರ್ ಬೇಕಾದರೆ ಇನ್ನೂ 30 ದಿನದ ತನಕ ಮುಂದೂಡಬಹುದು. ಹೆಲ್ದಿ ಫಾರೆಸ್ಟ್ಸ್ ಕಾಯ್ದೆಯ ಯೋಜನೆಗೆ 30 ದಿನ. ಬಂದ ಆಕ್ಷೇಪಣೆಗಳಿಗೆಲ್ಲ ಸೇರಿಸಿ ಒಂದೇ ಉತ್ತರ ಕೊಡಬಹುದು, ಪ್ರತಿ ಅಂಶಕ್ಕೂ ಬೇರೆ ಬೇರೆ ಉತ್ತರಿಸಬೇಕೆಂಬ ನಿಯಮ ಇಲ್ಲ. ಹಾಗಾಗಿ ನಿಮ್ಮ ವಿಷಯ ಒಂದು ಸಾಲಿನಲ್ಲಿ ಮುಗಿದಿದ್ದರೆ ಬೇಸರ ಆಗುತ್ತದೆ, ಆದರೆ ಅದು ನಿಯಮದೊಳಗೇ ಇದೆ.

ಓದಬೇಕಾದ ಭಾಗ ಸೂಚನೆಗಳದ್ದು. ನಿರ್ಧಾರ ಮಾಡುವ ಅಧಿಕಾರಿಗೆ ಏನೇನು ತಿದ್ದಬೇಕು ಎಂದು ಅಲ್ಲಿ ಬರೆದಿರುತ್ತಾರೆ. ಆ ಸೂಚನೆಗಳನ್ನೆಲ್ಲ ಪೂರೈಸುವ ತನಕ ನಿರ್ಧಾರಕ್ಕೆ ಸಹಿ ಹಾಕುವಂತಿಲ್ಲ. ಉತ್ತರವೇ ಇಲಾಖೆಯೊಳಗಿನ ಕೊನೆಯ ಮಾತು, ಅದರ ಮೇಲೆ ಇನ್ನೊಂದು ಮೇಲ್ಮನವಿ ಇಲ್ಲ. ಮುಂದಿನ ದಾರಿ ಫೆಡರಲ್ ಕೋರ್ಟ್. ಅಲ್ಲಿಗೆ ಹೋಗುವವರು ಮೊದಲು ಈ ಆಕ್ಷೇಪಣೆಯ ಹಂತ ಮುಗಿಸಿರಬೇಕು, ಇದರಲ್ಲಿ ಎತ್ತದ ವಿಷಯವನ್ನು ಅಲ್ಲಿ ಎತ್ತುವುದು ಕಷ್ಟ. ಅಷ್ಟು ದೂರ ಹೋಗುವ ಯೋಚನೆ ಇದ್ದರೆ ಉತ್ತರ ಬರುವ ತನಕ ಕಾಯದೆ, ಪತ್ರ ಕಟ್ಟುವಾಗಲೇ ಪರಿಸರ ವಕೀಲರೊಬ್ಬರ ಹತ್ತಿರ ಮಾತಾಡಿ.

ಅಂತಿಮ ನಿರ್ಧಾರಕ್ಕೆ ಸಹಿ ಬಿದ್ದ ದಿನ ಅದನ್ನು ಇಳಿಸಿಕೊಂಡು, ಸಭೆಯ ದಿನ ನೀವು ಕಳಿಸಿದ ಇಮೇಲ್‌ನ ಪಕ್ಕ ಇಡಿ. ಒಪ್ಪಿದ ಬದಲಾವಣೆ ಪಠ್ಯದಲ್ಲೂ ಇರಬೇಕು, ನಕ್ಷೆಯಲ್ಲೂ ಇರಬೇಕು. ಪಠ್ಯ ತಿದ್ದಿ ನಕ್ಷೆ ಹಳೆಯದೇ ಬಿಟ್ಟಿದ್ದರೆ ಕೂಡಲೇ ಪುಟ ಸಂಖ್ಯೆ ಸಹಿತ ಇಬ್ಬರು ಅಧಿಕಾರಿಗಳಿಗೂ ಬರೆಯಿರಿ. ಟ್ರೈಲ್ ಕಡಿಯಲು ಬರುವ ತಂಡ ನಕ್ಷೆ ನೋಡಿಕೊಂಡೇ ಕೆಲಸ ಶುರು ಮಾಡುತ್ತದೆ.